ಯಜಮಾನನಿಲ್ಲದ ಜಾಲದ ಪ್ಲಗ್ಗು

ನಾವು ಕೆಲವು ಗೆಳೆಯರು ಟೋಕನ್ ಎಂಬ ಡಿಜಿಟಲ್ ನಾಣ್ಯ ಕೊಂಡು ಒತ್ತೆಯಿಟ್ಟು, ಬ್ಲಾಕ್‌ಚೈನ್ ಜಾಲದ ವ್ಯವಹಾರಗಳನ್ನು ತಾಳೆ ನೋಡುವ ವ್ಯಾಲಿಡೇಟರ್‌ಗಳಾದೆವು. ಈ ಜಾಲಕ್ಕೆ ಯಜಮಾನನೇ ಇಲ್ಲ, ಎಲ್ಲವೂ ಮತದಿಂದ ಎಂದು ಊರೆಲ್ಲ ಕೊಚ್ಚಿಕೊಂಡೆವು. ನಮ್ಮ ಆಗುಂಬೆ, ಮೇಗರವಳ್ಳಿಯಲ್ಲಿ ಕರೆಂಟು ಕೈಕೊಡುತ್ತದೆಂದು ಎಲ್ಲರ ಕಂಪ್ಯೂಟರೂ ರಿಪ್ಪನ್‌ಪೇಟೆಯ ಗೆಳೆಯನೊಬ್ಬನ ಮನೆಯ ಇನ್ವರ್ಟರಿಗೆ ಬಂದು ಸೇರಿದವು. ಒಂದೇ ಕಡೆ ಗುಡ್ಡೆ ಹಾಕಬಾರದು, ಅವರವರ ಊರಿಗೆ ಒಯ್ಯಬೇಕು ಎಂಬ ಠರಾವಿಗೆ ಎಲ್ಲರೂ ಮತ ಹಾಕಿದೆವು. ಒಯ್ದವರು ಮಾತ್ರ ಯಾರೂ ಇಲ್ಲ. "ತಗೊಂಡೋದ್ರೆ ಅವ್ನಿಗೆ ಬೇಜಾರಾಗ್ತದೆ ಮಾರಾಯ, ಹೋದಾಗೆಲ್ಲ ಕಾಫಿ ಬೇರೆ ಕೊಡ್ತಾನೆ" ಎಂಬುದೇ ಎಲ್ಲರ ಸಬೂಬು.

ಒಂದು ಬೆಳಿಗ್ಗೆ ಗೆಳೆಯನ ತಾಯಿ ಗ್ರೈಂಡರ್ ಹಾಕಲು, ನಮ್ಮೆಲ್ಲರ ಕಂಪ್ಯೂಟರಿಗೂ ಇದ್ದ ಒಂದೇ ಪ್ಲಗ್ ಕಿತ್ತರು. ಎಲ್ಲರ ಕಂಪ್ಯೂಟರೂ ಒಟ್ಟಿಗೇ ಆರಿದವು. ತಾಳೆ ನೋಡುವ ಕೆಲಸ ತಪ್ಪಿಸಿದಿರೆಂದು ಜಾಲ ಎಲ್ಲರ ಟೋಕನ್‌ನಲ್ಲೂ ದಂಡ ಮುರಿದುಕೊಂಡಿತು. ಈಗ ಯಜಮಾನನಿಲ್ಲದ ಜಾಲದ ನಾವು ದಿನಾ ಫೋನ್ ಮಾಡಿ, "ಅಮ್ಮಾ, ರುಬ್ಬಿ ಆಯ್ತಾ?" ಎನ್ನುತ್ತೇವೆ.

"ಇನ್ನೂ ಉದ್ದು ಬಾಕಿ ಇದೆ, ತಡೀರಿ."