ಅರಿಶಿನ ಹಚ್ಚಿದ ಪಾಸ್‌ಪೋರ್ಟ್

ಚಿಕ್ಕತಾಯಮ್ಮನವರ ಬಲಗೈ ಉಂಗುರದ ಬೆರಳು ಸದಾ ಹಳದಿ. ಮಳವಳ್ಳಿಯ ನಮ್ಮ ಬೀದಿಗೆ ಹೊಸದಾಗಿ ಮಿಕ್ಸಿ ಬರಲಿ, ಸ್ಕೂಟರ್ ಬರಲಿ, ಆ ಬೆರಳಿನಿಂದ ಅರಿಶಿನ ಕುಂಕುಮ ತಾಗದೆ ಬಳಕೆಗೆ ಬೀಳುತ್ತಿರಲಿಲ್ಲ. ನಾನು ಲ್ಯಾಪ್‌ಟಾಪ್ ಕೊಂಡಾಗ ಬಾಗಿಲು ಹಾಕಿಕೊಂಡೇ ಪೆಟ್ಟಿಗೆ ತೆರೆದಿದ್ದೆ. ಪಕ್ಕದ ಮನೆಯವರಾದ ಅವರಿಗೆ ಅದು ಹೇಗೆ ತಿಳಿಯಿತೋ, ಬಟ್ಟಲು ಹಿಡಿದು ಬಂದೇಬಿಟ್ಟರು. "ಇದು ನಮ್ಮನೇದು ಅಂತ ಇದ್ಕೆ ಎಂಗ್ ಗೊತ್ತಾಯ್ತದೆ? ಗುರ್ತು ಬ್ಯಾಡ್ವಾ?"

ನನ್ನದು ಮಾತು ಕಡಿಮೆ. ಅವರು ಅದನ್ನು ಕೊರತೆಯೆಂದು ಎಣಿಸದೆ ನನ್ನ ಪಾಲಿನ ಮಾತನ್ನೂ ತಾವೇ ಆಡಿ ಮುಗಿಸುತ್ತಿದ್ದರು. "ಉಂಡ್ಯಾ ಮಗಾ? ಉಂಡಿಲ್ಲ ಬುಡು, ಮೊಕ ನೋಡುದ್ರೆ ಗೊತ್ತಾಯ್ತದೆ. ಬಾ."

ಅವರ ಒಬ್ಬಳೇ ಮಗಳು ಸುಧಾ ಮಸ್ಕತ್ತಿನಲ್ಲಿ ನರ್ಸು. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಬಸುರಾದಳು. ಡಾಕ್ಟರು ಪ್ರಯಾಣ ಬೇಡವೆಂದರು. "ಅವ್ಳು ಬರಕಾಗ್ದಿದ್ರೆ ನಾನೇ ಓಯ್ತೀನಿ. ಬಾಣಂತನ ಏನು ಫೋನಲ್ಲಿ ಮಾಡೋ ಕೆಲ್ಸವಾ?" ಎಂದರು ಚಿಕ್ಕತಾಯಮ್ಮ. ಮದ್ದೂರಿಗೆ ಹೋಗಲೂ ಜೊತೆ ಬೇಕೆನ್ನುತ್ತಿದ್ದವರು ಅವರು! ಅರ್ಜಿ ತುಂಬಿದವಳು ನಾನು. ಪಾಸ್‌ಪೋರ್ಟ್ ಬಂತು, ವೀಸಾ ಬಂತು, ಟಿಕೆಟ್ಟೂ ಆಯಿತು.

ಹೊರಡುವ ಬೆಳಗ್ಗೆ ಪಾಸ್‌ಪೋರ್ಟ್ ತೆರೆದು ನೋಡಿದೆ. ಪುಟಪುಟದ ಮೂಲೆಗೂ ಲಗ್ನಪತ್ರಿಕೆಗೆ ಹಚ್ಚುವಂತೆ ಅರಿಶಿನ. ಸೀಲು ಒತ್ತಬೇಕಾದ ಖಾಲಿ ಪುಟದ ನಟ್ಟನಡುವೆ ದುಂಡಗೆ ಕುಂಕುಮ.

"ದೊಡ್ಡಮ್ಮಾ, ಪಾಸ್‌ಪೋರ್ಟ್ ಕೆಟ್ಟಿದೆ ಅಂತ ಏರ್‌ಪೋರ್ಟಿಂದಲೇ ವಾಪಸ್ ಕಳಿಸಬಹುದು" ಎಂದೆ ಚಿಕ್ಕತಾಯಮ್ಮನವರಿಗೆ.

ಹತ್ತಿಯಲ್ಲಿ ಒರೆಸಿದಷ್ಟೂ ಕಲೆ ಹರಡಿತು. ಚಿಕ್ಕತಾಯಮ್ಮನವರ ದನಿ ಸಣ್ಣಗಾದದ್ದನ್ನು ನಾನು ಕೇಳಿದ್ದು ಅಂದೇ. "ಅಂಗಾರೆ ನನ್ ಸುಧನ ಮಗೂನ ಯಾರವ್ವ ಎತ್ಕೊಳ್ಳೋರು?"

ಶಿವನಸಮುದ್ರದ ಪವರ್ ಹೌಸಿನಿಂದ ನಿವೃತ್ತರಾಗಿದ್ದ ಅವರ ಗಂಡ ಸಿದ್ದಪ್ಪನವರು ಹಸುವಿಗೆ ಹುಲ್ಲು ಹಾಕುತ್ತಲೇ ಹೇಳಿದರು: "ಮದ್ವೇಲಿ ನಂಗೂ ಇಂಗೇ ಮೆತ್ತುದ್ಲು ಕಣವ್ವ. ನನ್ನ ಯಾರ್ ವಾಪಸ್ ತಕ್ಕಂಡ್ರು? ಕರ್ಕಂಡೋಗು, ಏನೂ ಆಗಕಿಲ್ಲ."

ವಿಮಾನ ನಿಲ್ದಾಣದ ಬಾಗಿಲಿನಾಚೆ ನನ್ನನ್ನು ಬಿಡಲಿಲ್ಲ. ಹೊರಗೆ ಕಂಬಕ್ಕೊರಗಿ ಫೋನು ಹಿಡಿದೇ ನಿಂತಿದ್ದೆ. ಕೊನೆಗೂ ಅದು ಬಡಿದುಕೊಂಡಿತು.

"ಆಯ್ತು ಕಣ್ ಮಗಾ! 'ಏನಮ್ಮಾ ಇದು' ಅಂದ ಆಫೀಸರಪ್ಪ. 'ಅರಿಸ್ನ. ನೀನು ಒಸ ಗಾಡಿ ತಕ್ಕಂಡಾಗ ಪೂಜೆ ಮಾಡುಸ್ಲಿಲ್ವಾ? ಮಗ್ಳಿಗೆ ದಿನ ತುಂಬ್ಯದೆ, ಬಿರ್ರನೆ ಒತ್ತಪ್ಪ' ಅಂದೆ. ನಕ್ಬುಟ್ಟ. 'ಇನ್ಮೇಲೆ ದೇವ್ರಿಗೆ ದೂರದಿಂದ ತೋರ್ಸಮ್ಮ, ಬಳೀಬೇಡ' ಅಂತಂದು ಒತ್ತೇಬುಟ್ಟ!"

ಮಸ್ಕತ್ತಿನ ಅಧಿಕಾರಿಗೆ ಕನ್ನಡ ಬಾರದು. ಅವನು ಪುಟವನ್ನು ಮೂಗಿನ ಹತ್ತಿರ ಹಿಡಿದು ಮೂಸಿದನಂತೆ. "ಅವ್ರ ಮನೇಲೂ ಅರಿಸ್ನ ಸಾರ್ಗೆ ಆಕ್ತಾರೆ ಅಂತ ಕಾಣ್ತದೆ ಕಣವ್ವ, ತಲೆ ಆಡುಸ್ಬುಟ್ಟು ಕಳುಸ್ದ" ಎಂದು ತಲುಪಿದ ಮೇಲೆ ವರದಿ ಬಂತು.

ಸುಧಾ ಹೆರಿಗೆ ಮುಗಿಸಿ ಮತ್ತೆ ಕೆಲಸಕ್ಕೆ ಹೋಗುತ್ತಿರುವುದರಿಂದ ವೀಸಾ ಮುಂದುವರಿಸಿಕೊಂಡು ಚಿಕ್ಕತಾಯಮ್ಮ ಇನ್ನೂ ಅಲ್ಲೇ ಇದ್ದಾರೆ. ಅವರೆಂದರೆ ನನಗೆ ಮೊದಲು ನೆನಪಾಗುವುದು ಹೆರಿಗೆಯಾದ ಆ ಸಂಜೆ. ಸಿದ್ದಪ್ಪನವರು ಚಪ್ಪಲಿಯನ್ನೂ ಮೆಟ್ಟದೆ ಫೋನು ಹಿಡಿದು ನಮ್ಮ ಮನೆಗೆ ಓಡಿ ಬಂದರು. ವಿಡಿಯೊದಲ್ಲಿ ಚಿಕ್ಕತಾಯಮ್ಮ, ಅವರ ಮಡಿಲಲ್ಲಿ ಮುಷ್ಟಿ ಬಿಗಿದ ಕೆಂಪು ಕೂಸು. "ಎಣ್ಮಗ ಕಣವ್ವಾ! ಎಲ್ರಿಗಿಂತ ಮೊದ್ಲು ನಾನೇ ಎತ್ಕಂಡೆ. ಕೂಸಿನಪ್ಪ ಬಾಗ್ಲಲ್ಲೇ ನಿಂತಿದ್ದ!"

ಕೂಸು ಅಳತೊಡಗಿತು. "ಇರಿ, ಬಂದೆ" ಎಂದು ಫೋನನ್ನು ಎಲ್ಲಿಯೋ ಇಟ್ಟುಬಿಟ್ಟರು. ಪರದೆಯ ಮೇಲೆ ಬಿಳಿಯ ಸೂರೊಂದೇ ಉಳಿಯಿತು. ಅವರು ಜೋಗುಳ ಹಾಡುವುದು ಮಾತ್ರ ಕೇಳುತ್ತಿತ್ತು. ಕರೆ ಕತ್ತರಿಸಲು ಸಿದ್ದಪ್ಪನವರಿಗೂ ಮನಸ್ಸಾಗಲಿಲ್ಲ, ನನಗೂ ಆಗಲಿಲ್ಲ. ಮಗು ಮಲಗುವವರೆಗೆ ಇಬ್ಬರೂ ಆ ಸೂರನ್ನೇ ನೋಡುತ್ತಾ ನಿಂತಿದ್ದೆವು.