ಗಡಿಯಾಚೆಯ ಸಾಕ್ಷಿಗಳನ್ನು ಕರೆತರುವ ಲಗಮಪ್ಪ

ಮಲಪ್ರಭೆಯ ಮೇಲಿನ ಮಂಜು ಇನ್ನೂ ಸರಿದಿಲ್ಲ. ರಾಮದುರ್ಗದ ಪೇಟೆಯಲ್ಲಿ ವಕೀಲರ ಕಚೇರಿಯ ಕಟ್ಟೆ ಗುಡಿಸಿ, ನೀರು ಚಿಮುಕಿಸಿ, ಲಗಮಪ್ಪನವರು ರುಮಾಲು ಸುತ್ತಿಕೊಳ್ಳುತ್ತಾರೆ. ನೇಸರಗಿಯ ಶೇಂಗಾ ವ್ಯಾಪಾರಿಯ ದಾವೆಯಲ್ಲಿ ಹೊಳೆಯಾಚೆಯ ಗಾಣದವನೊಬ್ಬ ಸಾಕ್ಷಿ ಹೇಳಬೇಕಾಗಿದೆ. ಅವನು ಕೆಲಸಕ್ಕೆ ಕೂರುವ ಮೊದಲೇ ಇವರು ಅವನ ಮನೆ ಮುಟ್ಟಬೇಕು. “ಮುಂಜಾನಿ ಮಂದೀ ಮನಸ ತಿಳಿ ಇರತೈತ್ರಿ. ಹೊತ್ತೇರಿದ್ರ ಕೇಳಾಂಗಿಲ್ಲ,” ಎನ್ನುತ್ತಾರೆ.

ಇದು ಬೈಲಹೊಂಗಲದ ರಘೋತ್ತಮ ವಕೀಲರ ಕಚೇರಿಯ ಶಾಖೆ. ಮೂರು ವರ್ಷದ ಹಿಂದೆ ಸಂಸ್ಥಾನ ವಿಲೀನವಾಗುವ ತನಕ ಜನ ಇದನ್ನು ‘ಪರರಾಜ್ಯದ ಕಚೇರಿ’ ಎನ್ನುತ್ತಿದ್ದರು. ಬೈಲಹೊಂಗಲ ಮುಂಬೈ ಪ್ರಾಂತ್ಯ, ರಾಮದುರ್ಗ ಸಂಸ್ಥಾನ. ಹತ್ತಿ, ಬೆಲ್ಲ, ಶೇಂಗಾ ಗಡಿ ದಾಟಿ ಓಡಾಡುತ್ತಿದ್ದವು. ತಂಟೆ ಬಿದ್ದಾಗ ಮಾತ್ರ ಗಡಿ ಎದ್ದು ನಿಲ್ಲುತ್ತಿತ್ತು. ಅಲ್ಲಿಯ ಕೋರ್ಟಿನ ಸಮನ್ಸು ಇಲ್ಲಿ ನಡೆಯುತ್ತಿರಲಿಲ್ಲ; ಇಲ್ಲಿಯವರು ಸಾಕ್ಷಿ ಹೇಳಲು ತಾವಾಗಿ ಒಪ್ಪಿಯೇ ಹೋಗಬೇಕು. ಜವಾನರಾಗಿ ಸೇರಿದ ಲಗಮಪ್ಪನವರ ಪಾಲಿಗೆ ಆ ಒಪ್ಪಿಸುವ ಕೆಲಸ ಬಂತು.

ಸುಲಭದ ಕೆಲಸವಲ್ಲ. ಅವರು ಊರ ಹೊರಗಿನ ಕೇರಿಯವರು. ಎಷ್ಟೋ ಮನೆಗಳಲ್ಲಿ ಇಂದಿಗೂ ಅಂಗಳದಲ್ಲೇ ನಿಂತು ಮಾತಾಡಬೇಕು. ನಾಯಿ ಛೂ ಬಿಟ್ಟವರೂ ಉಂಟು. “ಸಿಟ್ಟ ಬರತೈತ್ರಿ. ನುಂಗಿಕೊಂಡ ಮರುದಿನ ಮತ್ತ ಹೋಗತೇನಿ.”

ಸ್ವಾತಂತ್ರ್ಯ ಬರುವ ಮುಂಚಿನ ಬೇಸಿಗೆಯ ಮಾತು. ಬೈಲಹೊಂಗಲದ ಗಂಗಯ್ಯ ಕಳಿಸಿದ ಅರಳೆಯ ಮೂಟೆಗಳು ತನಗೆ ಮುಟ್ಟಿಯೇ ಇಲ್ಲವೆಂದು ರಾಮದುರ್ಗದ ವ್ಯಾಪಾರಿಯೊಬ್ಬ ತಿರುಗಿಬಿದ್ದ. ಅವು ಇಳಿದದ್ದು ಭಾಗೀರಥಿಬಾಯಿ ಎಂಬ ವಿಧವೆಯ ಹಿತ್ತಲ ಕೋಣೆಯಲ್ಲಿ. ಆಕೆ ಕಣ್ಣಾರೆ ಕಂಡಿದ್ದರು. ಆದರೆ ಆ ವ್ಯಾಪಾರಿ ಆ ಕೋಣೆಯ ಬಾಡಿಗೆದಾರ, ನೆರೆಯವ. “ಅವನ ಎದುರು ಹಾಕ್ಕೊಂಡು ಇದ ಓಣ್ಯಾಗ ಹೆಂಗ ಬಾಳಲಿ? ಒಬ್ಬಾಕಿ ಪರರಾಜ್ಯಕ್ಕ ಹೆಂಗ ಹೋಗಲಿ?” ಎಂದು ಬಾಗಿಲು ಮುಚ್ಚಿದರು.

ಲಗಮಪ್ಪನವರು ಮತ್ತೆ ಹೋದಾಗ ದಾವೆಯ ಸುದ್ದಿ ಎತ್ತಲಿಲ್ಲ. “ಬಾಯಾರ, ನನ್ನ ಹೆಂಡತಿ ಸುಂದರವ್ವ ಜೋಡಿ ಬರತಾಳ್ರಿ. ನೀವು ಚಕ್ಕಡ್ಯಾಗ ಕುಂಡ್ರಿ, ನಾವು ಹಿಂದ ನಡಕೋತ ಬರತೇವಿ. ನೀವು ಏನ ಕಂಡೀರಿ ಅಂತ ನಾ ಕೇಳಾಂಗಿಲ್ರಿ. ಕಂಡದ್ದನ್ನ ಅಲ್ಲೇ ಹೇಳ್ರಿ,” ಎಂದರು. ಬಾಯಿಯವರು ಒಳಗೆ ಹೋಗಿ ಬಟ್ಟೆಯ ಗಂಟು ಕಟ್ಟಿಕೊಂಡರು.

ದಾರಿಯಲ್ಲಿ ಸಿಗುವ ಯರಗಟ್ಟಿ ಇನ್ನೂ ದೂರವಿತ್ತು. ಬಿಸಿಲಿಗೆ ಸುಂದರವ್ವನ ಹೆಜ್ಜೆ ತಡವರಿಸಿತು. ಭಾಗೀರಥಿಬಾಯಿ ಚಕ್ಕಡಿ ನಿಲ್ಲಿಸಿದರು. “ಮ್ಯಾಲೆ ಬಾ. ನನ್ನ ಸಲುವಾಗಿ ನೀ ಬಿಸಲಾಗ ಬೀಳಬ್ಯಾಡ.” ಸುಂದರವ್ವ ಹಿಂದೆ ಸರಿದಳು. ಬಾಯಿಯವರು ಕೈ ಚಾಚಿ ಅವಳ ರಟ್ಟೆ ಹಿಡಿದು ಹತ್ತಿಸಿಕೊಂಡರು. ಇಬ್ಬರೂ ಒಂದೇ ಚಕ್ಕಡಿಯಲ್ಲಿ ಬೈಲಹೊಂಗಲ ಮುಟ್ಟಿದರು. ಬಾಯಿಯವರು ಅಳುಕದೆ ಸಾಕ್ಷಿ ನುಡಿದರು. ಗಂಗಯ್ಯನ ಅರಳೆ ಅವನಿಗೆ ದಕ್ಕಿತು. ಬಾಡಿಗೆದಾರ ಕೋಣೆ ಬಿಟ್ಟು ಹೋದ. ಈಗ ಅಲ್ಲಿ ಹೆಣ್ಣುಮಕ್ಕಳ ಹೊಲಿಗೆ ಶಾಲೆ ನಡೆಯುತ್ತದೆ.

ಸಂಸ್ಥಾನ ಹೋದ ಮೇಲೆ ಕಚೇರಿಗೆ ಬೀಗ ಬೀಳಬಹುದೆಂದು ಲಗಮಪ್ಪನವರು ಅಂಜಿದ್ದರು. ವಕೀಲರು ನಕ್ಕರಂತೆ: “ಗಡಿ ಹೋತು, ಮಂದಿ ಅಂಜಿಕಿ ಎಲ್ಲಿ ಹೋತು? ನೀ ಇರಪಾ.”

ಏನಾದರೂ ಆಸೆ ಉಂಟೇ ಎಂದರೆ ಚಪ್ಪಲಿ ಮೆಟ್ಟುತ್ತ ನಗುತ್ತಾರೆ.

“ಸಾಕ್ಷಿ ಕೋರ್ಟಿನೊಳಗ ಹೋಗತಾರ, ನಾ ಹೊರಗ ಎತ್ತು ಕಾಯತೇನಿ. ಒಮ್ಮೆರ ಒಳಗ ಕುಂತು, ಒಂದ ಖಟ್ಲೆ ಪೂರ್ತಿ ಕೇಳಬೇಕ್ರಿ. ನಾ ಕರಕೊಂಡ ಬಂದವರು ಹೆಂಗ ಮಾತಾಡತಾರ, ನೋಡಬೇಕ್ರಿ.”