ಇಬ್ಬರ ದೋಣಿ ಕಾಸು

ನಾನು ಕೊಟ್ಟಿದ್ದು ಎರಡು ರೂಪಾಯಿ. ಅಂಬಿಗ ಕೇಳಿದ್ದು ನಾಲ್ಕು. ತಲೆಗೆ ಎರಡರಂತೆ ಹೊಳೆ ದಾಟಿಸುವ ದೋಣಿಯಲ್ಲಿ ನಾನೊಬ್ಬನೇ ಕೂತಿದ್ದೆ, ಆದ್ದರಿಂದ ಒಬ್ಬನದು ಕೊಟ್ಟೆ. ಇದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ನಾನೂ ಒಂದು ವರ್ಷ ಹಾಗೆಯೇ ಅಂದುಕೊಂಡಿದ್ದೆ. ನನ್ನ ಇಷ್ಟು ವರ್ಷದ ವ್ಯಾಪಾರದಲ್ಲಿ ಆ ಉಳಿಸಿದ ಎರಡು ರೂಪಾಯಿಯಷ್ಟು ದುಬಾರಿಯಾದದ್ದು ಬೇರೆ ಯಾವುದೂ ಇಲ್ಲ.

ದೆವ್ವ, ಗಾಳಿ, ಸತ್ತವರು ಬರುವುದು ಇಂಥದ್ದನ್ನೆಲ್ಲ ನಾನು ನಂಬಿದವನಲ್ಲ. ಕೆಡವಿದ ಹಳೆ ಮನೆಗಳ ಬಾಗಿಲು, ಕಿಟಕಿ, ಕಂಬ, ತೊಲೆ ಕೊಂಡು ಮಾರುವುದು ನನ್ನ ಕಸುಬು. ಬೋಗಾದಿಯಲ್ಲಿ ಶೆಡ್ಡು ಇದೆ. 'ಈ ತೊಲೆಗೇ ನಮ್ಮ ಚಿಕ್ಕಪ್ಪ ನೇಣು ಹಾಕಿಕೊಂಡದ್ದು' ಎಂದು ಯಾರಾದರೂ ಹೇಳಿದರೆ ನಾನು ತಕ್ಷಣ ಮುಖ ಸಣ್ಣ ಮಾಡಿಕೊಂಡು ಬೆಲೆಯಲ್ಲಿ ಕಾಲು ಭಾಗ ಇಳಿಸುತ್ತಿದ್ದೆ. ಮಾರುವಾಗ ಆ ಮಾತು ಎತ್ತುತ್ತಿರಲಿಲ್ಲ. ಅಂಥ ತೊಲೆಗಳ ಕೆಳಗೆ ಎಷ್ಟೋ ಮಧ್ಯಾಹ್ನ ಚಾಪೆ ಹಾಸಿ ನಿದ್ದೆ ಮಾಡಿದ್ದೇನೆ, ಒಂದು ಕೆಟ್ಟ ಕನಸೂ ಬಿದ್ದಿಲ್ಲ.

ನಮ್ಮದು ಕಾವೇರಿಯ ಆಚೆ ದಡದ ಒಂದು ಸಣ್ಣ ಊರು. ಅಪ್ಪ ಅಮ್ಮ ಒಂದೇ ವರ್ಷದಲ್ಲಿ ತೀರಿಕೊಂಡಾಗ ಅಕ್ಕನಿಗೆ ಹದಿನಾರು, ನನಗೆ ಏಳು. ಅವಳು ನನ್ನನ್ನು ದೋಣಿಯಲ್ಲಿ ಕೂರಿಸಿಕೊಂಡು ಹೊಳೆ ದಾಟಿಸಿ, ಬಸ್ಸು ಹತ್ತಿಸಿ ಮೈಸೂರಿಗೆ ಕರೆತಂದಳು. ಲಕ್ಷ್ಮೀಪುರಂನ ಒಂದು ಹಳೆ ಮನೆಯ ಹಿಂಭಾಗದಲ್ಲಿ ಒಂದೂವರೆ ಕೋಣೆ ಬಾಡಿಗೆಗೆ ಸಿಕ್ಕಿತು. ಅಲ್ಲಿ ಕೂತು ಊದುಬತ್ತಿ ಹೊಸೆದು ನನ್ನನ್ನು ಸಾಕಿದಳು, ತನಗೆ ಅಕ್ಷರ ಬಾರದಿದ್ದರೂ ನನ್ನನ್ನು ಓದಿಸಿದಳು, ನನ್ನ ಮೊದಲ ವ್ಯಾಪಾರಕ್ಕೆ ಬಂಡವಾಳ ಕೊಟ್ಟಳು. ಅವಳೂ ಮದುವೆಯಾಗಲಿಲ್ಲ, ನಾನೂ ಆಗಲಿಲ್ಲ. ಒಬ್ಬರಿಗೊಬ್ಬರು ಸಾಕಾಗಿದ್ದೆವು ಅನ್ನಿ.

ಅಕ್ಕ ನನ್ನಿಂದ ಕೇಳಿದ್ದು ಒಂದೇ. ಪ್ರತಿ ವರ್ಷ ಸಂಕ್ರಾಂತಿ ಕಳೆದು ಹೊಳೆ ಇಳಿದ ಮೇಲೆ, 'ಒಂದ್ಸಲ ಆ ದಡಕ್ಕೆ ಕರ್ಕೊಂಡು ಹೋಗೋ. ಅಮ್ಮನ ಸಮಾಧಿಗೆ ಒಂದು ದೀಪ ಹಚ್ಚಿ ಬಂದ್ಬುಡೋಣ' ಅನ್ನುತ್ತಿದ್ದಳು. ಸಮಾಧಿ ಇದ್ದದ್ದು ನಾವು ಬಿಟ್ಟು ಬಂದ ಹೊಲದ ಮೂಲೆಯಲ್ಲಿ. ನಾನು ಪ್ರತಿ ವರ್ಷವೂ, ಸೇತುವೆ ಆಗುತ್ತಿದೆಯಂತೆ, ಆದ ಮೇಲೆ ಕಾರಿನಲ್ಲೇ ಹೋಗಿಬಿಡೋಣ, ಈ ಮಂಡಿನೋವು ಇಟ್ಟುಕೊಂಡು ದೋಣಿ ಹತ್ತಿ ಇಳಿಯುವುದು ಯಾಕೆ ಎಂದು ಹೇಳುತ್ತಿದ್ದೆ. ಸೇತುವೆಯ ಎರಡು ಕಂಬಗಳು ಎದ್ದು ಹೊಳೆಯ ನಡುವೆ ವರ್ಷಗಟ್ಟಲೆ ಸುಮ್ಮನೆ ನಿಂತಿದ್ದವು. ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ ಅಕ್ಕನಿಗೆ ಜ್ವರ ಬಂತು. ಆರು ದಿನ ಆಸ್ಪತ್ರೆಯಲ್ಲಿದ್ದಳು. ಏಳನೆಯ ದಿನ ಇರಲಿಲ್ಲ.

ಆಮೇಲೆ ಮೂರು ನಾಲ್ಕು ತಿಂಗಳಿಗೆ ಆಚೆ ದಡದ ನಮ್ಮ ಅದೇ ಊರಿನಲ್ಲಿ ದೊಡ್ಡ ಮನೆಯೊಂದನ್ನು ಕೆಡವುತ್ತಿದ್ದಾರೆ, ಕೆತ್ತನೆಯ ಎಂಟು ಕಂಬಗಳಿವೆ ಎಂದು ಸುದ್ದಿ ಬಂತು. ಮಾರನೆಯ ದಿನವೇ ಹೊರಟೆ. ಅಕ್ಕನಿಗಾಗಿ ಬಿಡುವು ಸಿಗದವನಿಗೆ ಕಂಬಗಳಿಗಾಗಿ ಸಿಕ್ಕಿತು. ಇದನ್ನು ಮುಚ್ಚಿಟ್ಟು ಬರೆದರೆ ಮಿಕ್ಕದ್ದು ಬರೆದೂ ಪ್ರಯೋಜನವಿಲ್ಲ.

ಆ ಕಡೆಯ ಏಳೆಂಟು ಹಳ್ಳಿಗಳಿಗೆ ಆ ದೋಣಿಯೇ ಆಧಾರ. ಶಾಲೆಯ ಮಕ್ಕಳು, ಸೈಕಲ್ಲು, ಕುರಿ, ರಾಗಿ ಮೂಟೆ, ಹೆರಿಗೆಗೆ ಹೊರಟ ಹೆಂಗಸರು, ದಿಬ್ಬಣದವರು ಎಲ್ಲರೂ ಅದರಲ್ಲೇ ದಾಟಬೇಕು. ಅಂಬಿಗ ನಂಜಯ್ಯನಿಗೆ ಊರಿನವರು ವರ್ಷಕ್ಕೊಮ್ಮೆ ಕಣದಲ್ಲಿ ರಾಗಿ ಅಳೆಯುತ್ತಿದ್ದರು, ಹೊರಗಿನವರು ಕಾಸು ಕೊಡಬೇಕು. ಬಸ್ಸಿಳಿದು ಟೀ ಕುಡಿದ ಅಂಗಡಿಯವನು ಅವನ ಪದ್ಧತಿಯನ್ನು ಮೊದಲೇ ಹೇಳಿದ. ಆಚೆ ದಡ ಮುಟ್ಟುವ ಮೊದಲು ಕಾಸು ಕೇಳುತ್ತಾನೆ. ಕೊಡದವರ ಜೊತೆ ಜಗಳ ಆಡುವುದಿಲ್ಲ, ಇಳಿಯಲು ಬಿಡುವುದೂ ಇಲ್ಲ, ಹತ್ತಿಸಿಕೊಂಡ ದಡಕ್ಕೇ ವಾಪಸು ತಂದು ಬಿಡುತ್ತಾನೆ. ಅವನ ಅಪ್ಪನ ಕಾಲದಿಂದ ಹಾಗೇ ಅಂತೆ. ನನಗೆ ಇದು ಮೆಚ್ಚುಗೆಯಾಯಿತು. ಸಾಲ ಹೇಳುವವರಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಮೂರು ಗಂಟೆಯ ಬಿಸಿಲು. ಬೇರೆ ಗಿರಾಕಿ ಇರಲಿಲ್ಲ. ನಾನು ಹತ್ತಿ ಮುಂದಿನ ಹಲಗೆಯ ಮೇಲೆ ಕೂತೆ. ನಂಜಯ್ಯ ತಕ್ಷಣ ಹೊರಡಲಿಲ್ಲ. ಒಂದು ಕಾಲನ್ನು ದೋಣಿಯ ಅಂಚಿನ ಮೇಲೆ ಊರಿ, ಅಲುಗದ ಹಾಗೆ ಒತ್ತಿ ಹಿಡಿದು, ನನ್ನ ಹಿಂದೆ ನೋಡುತ್ತ ಸ್ವಲ್ಪ ಹೊತ್ತು ನಿಂತ. ಇನ್ನೂ ಜನ ಬರಲಿ ಎಂದು ಕಾಯುತ್ತಿದ್ದಾನೆ ಅಂದುಕೊಂಡು, ಹೊರಡಯ್ಯ, ಲಾರಿ ಗೊತ್ತು ಮಾಡಿದ್ದೇನೆ ಅಂದೆ. ಆಮೇಲೆ ನೂಕಿದ. ದಾರಿಯುದ್ದಕ್ಕೂ ನಾನು ಮುಂದಿನ ದಡವನ್ನೇ ನೋಡುತ್ತಿದ್ದೆ. ಎಂಟು ಕಂಬಕ್ಕೆ ಎಷ್ಟರಿಂದ ಶುರು ಮಾಡಬೇಕು ಎಂಬುದೇ ತಲೆಯಲ್ಲಿತ್ತು.

ದಡ ಹತ್ತಿರವಾದಾಗ ಅವನು ಹುಟ್ಟನ್ನು ನಿಲ್ಲಿಸಿದ.

'ಇಬ್ರುದು ನಾಲ್ಕು ರೂಪಾಯಿ ಸ್ವಾಮಿ.'

'ಯಾವ ಇಬ್ರಯ್ಯ? ನಾನೊಬ್ನೇ ಇರೋದು.'

ಅವನು ನನ್ನ ಮುಖ ನೋಡಿದ, ಆಮೇಲೆ ನನ್ನ ಹಿಂದಿನ ಹಲಗೆ ನೋಡಿದ. ನಾನೂ ತಿರುಗಿ ನೋಡಿದೆ. ಒದ್ದೆ ಹಗ್ಗದ ಸುರುಳಿ ಬಿಟ್ಟರೆ ಏನೂ ಇರಲಿಲ್ಲ. ದೋಣಿಯ ಹೊರಮೈಯಲ್ಲಿ ಉಳಿಯಿಂದ ಕೊರೆದ ಗೀಟುಗಳಿದ್ದವು. ನಂಜಯ್ಯ ಜನರನ್ನು ಬೆರಳು ಮಾಡಿ ಎಣಿಸುವವನಲ್ಲ. ನೀರು ಯಾವ ಗೀಟು ಮುಟ್ಟಿದೆ ಎಂದು ನೋಡಿ ಭಾರ ಹೇಳುವವನು. ಈಗ ಬೆರಳಿನಿಂದ ಅದನ್ನು ತೋರಿಸಿದ. ನೀರು ಎರಡನೆಯ ಗೀಟಿನ ಮೇಲಿತ್ತು, ಅಂದರೆ ಇಬ್ಬರ ಭಾರ. ನಾನು ಬಿಡುತ್ತೇನೆಯೇ? ದೋಣಿಯ ತಳದಲ್ಲಿ ನೀರು ತುಂಬಿದೆ, ಮೊದಲು ಅದನ್ನು ಚೆಲ್ಲು, ಹೊಳೆಯ ನೀರಿನ ಭಾರಕ್ಕೂ ನಾನು ಕಾಸು ಕೊಡಬೇಕೇ ಎಂದು ವಾದಿಸಿದೆ. ಒಬ್ಬನೇ ಗಿರಾಕಿ ಸಿಕ್ಕಾಗ ಖಾಲಿ ಸೀಟಿನ ಕಾಸನ್ನೂ ವಸೂಲು ಮಾಡುವ ಉಪಾಯ ಎಂದೇ ನನ್ನ ಲೆಕ್ಕ. ಆಟೋದವರು ಮಾಡುವುದಿಲ್ಲವೇ?

'ಎರಡು ರೂಪಾಯಿಗೆ ಹಿಂಗ್ ಮಾಡ್ತೀರಲ್ಲ' ಎಂದು ಅವನು ಮೆಲ್ಲಗೆ ಹೇಳಿದ. ಮೋಸ ಮಾಡುವವನ ದನಿಯಾಗಿರಲಿಲ್ಲ ಅದು, ನನ್ನನ್ನು ಕಂಡು ಹೇಸಿದವನ ದನಿ. ನಾನು ಎರಡು ರೂಪಾಯಿಯ ನೋಟನ್ನು ಅವನ ಕೈಗೆ ತುರುಕಿದೆ.

'ಒಬ್ರುದು ಕೊಟ್ರೆ ಒಬ್ರೇ ಇಳಿಯೋದು.'

'ಆಯ್ತಪ್ಪ, ಇಳಿಯೋನು ಒಬ್ನೇ' ಎಂದು ನಕ್ಕು ಮರಳಿಗೆ ಹಾರಿದೆ.

ಇಲ್ಲಿ ಒಂದು ಮಾತು. ದಿನವೂ ಗಾಡಿಗೆ ಭಾರ ಏರಿಸಿ ಇಳಿಸುವವನು ನಾನು. ಭಾರ ಇಳಿದರೆ ಗಾಡಿ ಎಷ್ಟು ಮೇಲೇಳುತ್ತದೆ ಎಂಬುದು ನನ್ನ ಕಣ್ಣಿಗೆ ಗೊತ್ತು. ನಾನು ಹಾರಿದ ಮೇಲೆ ದೋಣಿ ಮೇಲೆದ್ದಿತು, ಆದರೆ ಖಾಲಿ ದೋಣಿ ಏಳುವಷ್ಟು ಏಳಲಿಲ್ಲ. ಅದು ಕಂಡಿತು, ಕಂಡದ್ದನ್ನು ಅಲ್ಲಿಗೇ ಬಿಟ್ಟೆ. ನಂಜಯ್ಯ ದೋಣಿಯನ್ನು ತಿರುಗಿಸಿ, ಆ ಖಾಲಿ ಹಲಗೆಯ ಕಡೆ ಬಗ್ಗಿ, ಯಾರನ್ನೋ ಸಮಾಧಾನ ಮಾಡುವವನ ಹಾಗೆ ಏನೋ ಹೇಳುತ್ತ ಹುಟ್ಟು ಹಾಕಿಕೊಂಡು ಹೋದ.

ಕಂಬಗಳು ನಾನು ಅಂದುಕೊಂಡದ್ದಕ್ಕಿಂತ ಅಗ್ಗಕ್ಕೆ ಸಿಕ್ಕವು. ಹೊತ್ತು ಇಳಿಯುತ್ತಿತ್ತು, ಹೊಲದ ಮೂಲೆಗೆ ಹೋಗಲಿಲ್ಲ. ಲಾರಿಯಲ್ಲೇ ದೂರದ ಬೇರೊಂದು ಸೇತುವೆ ಸುತ್ತಿ ಮೈಸೂರಿಗೆ ವಾಪಸಾದೆ.

ಒಂದು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಬೋಗಾದಿಯ ಶೆಡ್ಡಿನ ಮುಂದೆ ಟ್ರ್ಯಾಕ್ಟರ್ ಬಂದು ನಿಂತಿತು. ಹಿಂದಿನ ಟ್ರೇಲರಿನಲ್ಲಿ ಅದೇ ದೋಣಿ, ಪಕ್ಕದಲ್ಲಿ ನಂಜಯ್ಯ. ನಿಂತಿದ್ದ ಸೇತುವೆ ಕೊನೆಗೂ ಮುಗಿದು ಬಸ್ಸು ಓಡುತ್ತಿದೆ, ಇನ್ನು ದೋಣಿಗೆ ಕೆಲಸವಿಲ್ಲ, ಮರ ಗಟ್ಟಿಯಾಗಿದೆ, ತೆಗೆದುಕೊಳ್ಳಿ ಎಂದ. ನನ್ನ ಗುರುತು ಅವನಿಗೆ ಹತ್ತಲಿಲ್ಲ. ಅರ್ಧ ಗಂಟೆ ಚೌಕಾಸಿ ಮಾಡಿ ಒಂದು ಬೆಲೆಗೆ ಬಂದೆವು. ಟೀ ತರಿಸಿದೆ. ವ್ಯಾಪಾರ ಕುದುರಿದ ಮೇಲೆ ಮಾರಿದವನಿಗೆ ಟೀ ಕೊಡಿಸಬೇಕು, ಮುಂದಿನ ಸಲವೂ ನಿಮ್ಮಲ್ಲಿಗೇ ಬರುತ್ತಾನೆ. ಟೀ ಕುಡಿಯುತ್ತ ತಮಾಷೆಗೆ ಕೆಣಕಿದೆ.

'ಏನ್ ನಂಜಯ್ಯ, ಅವತ್ತು ಒಬ್ನ ಹತ್ರ ಇಬ್ರ ಕಾಸು ಕೇಳ್ದೆ. ಇವತ್ತು ಒಂದು ದೋಣಿಗೆ ಎರಡು ದೋಣಿ ರೇಟು ಹೇಳ್ತೀಯ.'

ಅವನು ನಗಲಿಲ್ಲ. ಲೋಟ ಕೆಳಗಿಟ್ಟ.

'ನೀವಾ ಸ್ವಾಮಿ ಅದು? ಆಯಮ್ಮ ಚೆಂದಾಗವ್ರಾ?'

ಯಾವ ಅಮ್ಮ ಎಂದು ನಾನು ಕೇಳುವ ಮೊದಲೇ ಅವನೇ ಹೇಳುತ್ತ ಹೋದ. ಒಂದೇ ಮನೆಯವರಲ್ಲಿ ಮನಸ್ತಾಪ ಇರುತ್ತದೆ, ಆದರೂ ಅಷ್ಟು ವಯಸ್ಸಾದವರನ್ನು ದೋಣಿಯಲ್ಲಿ ಬಿಟ್ಟು ಹೋಗಬಾರದಿತ್ತು ಅಂದ. ಪದ್ಧತಿ ಮುರಿದು ಇಳಿಸಿಬಿಡೋಣವೇ ಎಂದು ತನಗೆ ಅನ್ನಿಸಿತ್ತಂತೆ, ಅಪ್ಪನಿಗೆ ಕೊಟ್ಟ ಮಾತು, ಧೈರ್ಯ ಬರಲಿಲ್ಲವಂತೆ.

'ವಾಪಸ್ ಕರ್ಕಂಡ್ಬಂದು ಹತ್ತಿದ ದಡದಲ್ಲೇ ಬುಟ್ಟೆ. ಹತ್ತೋವಾಗ ಚಪ್ಪಲಿ ಕೈಲಿಟ್ಕಂಡಿದ್ರಲ್ಲ, ಅಂಗೇ ಹಿಡ್ಕಂಡು ಇಳಿದ್ರು. ಮೈಸೂರ್ ಬಸ್ಸು ಎಲ್ಲಿ ನಿಲ್ತದೆ ಅಂದ್ರು, ತೋರಿಸ್ದೆ. ಅಂಗೇ ನಡ್ಕಂಡು ಹೋದ್ರು.'

ಅಕ್ಕ ಯಾವ ವಾಹನ ಹತ್ತುವಾಗಲೂ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು. ಸಿಟಿ ಬಸ್ಸಿಗೂ ಹಾಗೆಯೇ, ಆಟೋಗೂ ಹಾಗೆಯೇ. ನಮ್ಮನ್ನು ಹೊರುವುದನ್ನು ಚಪ್ಪಲಿ ಕಾಲಲ್ಲಿ ತುಳಿದು ಹತ್ತಬಾರದು ಎಂಬುದು ಅವಳ ಮಾತು. ಕಂಡಕ್ಟರುಗಳು ನಗುತ್ತಿದ್ದರು. ನನಗೂ ಅವಮಾನ ಅನ್ನಿಸುತ್ತಿತ್ತು.

'ಮನೆಗೆ ಬಂದ್ರಾ, ಚೆಂದಾಗವ್ರಾ' ಎಂದು ನಂಜಯ್ಯ ಮತ್ತೆ ಕೇಳಿದ. ನನ್ನ ಬಾಯಿಂದ 'ಚೆನ್ನಾಗಿದಾರೆ' ಎಂದು ಬಂತು. ಅವನಿಗೆ ಸಮಾಧಾನವಾಯಿತು. ದುಡ್ಡು ಎಣಿಸಿಕೊಂಡು ಹೊರಟುಹೋದ.

ನಾನು ಎದ್ದು ಸೀದಾ ಲಕ್ಷ್ಮೀಪುರಂಗೆ ಹೋದೆ. ಯಾಕೆಂದು ಹೇಳುತ್ತೇನೆ. ಅಕ್ಕ ಹೋದ ಮೇಲೆ ಆ ಒಂದೂವರೆ ಕೋಣೆಯಲ್ಲಿ ನನಗೆ ಇರಲಾಗಲಿಲ್ಲ. ರಾಮಕೃಷ್ಣನಗರದಲ್ಲಿ ಕಟ್ಟಿಸುತ್ತಿದ್ದ ಮನೆಗೆ ಬಣ್ಣ ಬಳಿಯುವ ಮೊದಲೇ ಸಾಮಾನು ಸಾಗಿಸಿದ್ದೆ. ಅಂದರೆ ಆ ದೋಣಿ ಹತ್ತುವ ಹೊತ್ತಿಗೆ ಲಕ್ಷ್ಮೀಪುರಂನಲ್ಲಿ ನಾನಿರಲಿಲ್ಲ. ಹೊಸ ಮನೆಯನ್ನು ಅಕ್ಕ ನೋಡಿಯೇ ಇರಲಿಲ್ಲ, ಗೃಹಪ್ರವೇಶಕ್ಕೇ ಬರುತ್ತೇನೆ ಅಂದಿದ್ದಳು. ಮೈಸೂರಿನ ಬಸ್ಸು ಹತ್ತಿದವಳು ಹೋಗುವುದಾದರೂ ಎಲ್ಲಿಗೆ?

ಹಳೆ ಮನೆಯಲ್ಲಿ ಈಗ ಬೇರೆ ಸಂಸಾರವಿತ್ತು. ಮನೆಯಾಕೆ ಬಾಗಿಲಲ್ಲೇ ನಿಂತು ಮಾತಾಡಿಸಿದರು. ನನ್ನನ್ನು ಕೇಳಿಕೊಂಡು ಯಾರಾದರೂ ಬಂದಿದ್ದರೇ ಎಂದೆ. ಯಾವ ಧೈರ್ಯದಲ್ಲಿ ಕೇಳಿದೆನೋ ಗೊತ್ತಿಲ್ಲ.

'ಹೋದ್ ವರ್ಷ ಒಬ್ರು ಬಂದಿದ್ರು ಕಣ್ರೀ, ಹೆಂಗಸು, ವಯಸ್ಸಾದೋರು. ನಾನು ಮಾವಿನಕಾಯಿ ಹೆಚ್ತಾ ಕೂತಿದ್ದೆ. ಇಲ್ಲಿದ್ದೋರು ಎಲ್ಲಿ ಅಂದ್ರು. ಖಾಲಿ ಮಾಡ್ಕೊಂಡು ಹೋದ್ರು, ಎಲ್ಲಿಗೋ ಗೊತ್ತಿಲ್ಲ ಅಂದೆ. ಸ್ವಲ್ಪ ಹೊತ್ತು ನಿಂತಿದ್ದು ಹೋದ್ರು. ನಿಮ್ಮ ಕಡೆಯೋರಾ?'

ಮುಖ ಹೇಗಿತ್ತು, ಸೀರೆ ಯಾವ ಬಣ್ಣ, ಕಾಲಲ್ಲಿ ಚಪ್ಪಲಿ ಇತ್ತೇ ಎಂದು ಕೇಳಿದೆ. ಆಕೆಗೆ ಒಂದೂ ನೆನಪಿರಲಿಲ್ಲ. ನನ್ನ ಪ್ರಶ್ನೆಗಳಿಗೆ ಗಾಬರಿಯಾಗಿ ಒಳಗಿದ್ದ ಗಂಡನನ್ನು ಕರೆದರು. ನಾನು ಕ್ಷಮೆ ಕೇಳಿ ಹೊರಗೆ ಬಂದೆ.

ಅಕ್ಕನ ಜೊತೆ ಊದುಬತ್ತಿ ಹೊಸೆಯುತ್ತಿದ್ದ ನಾಲ್ಕು ಜನ ಹೆಂಗಸರನ್ನು ಹುಡುಕಿಕೊಂಡು ಹೋದೆ. ಅವರಲ್ಲಿ ಯಾರೋ ಒಬ್ಬರು ಬಂದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಮೂವರು ಬಂದಿಲ್ಲ ಅಂದರು. ನಾಲ್ಕನೆಯವರು ಮಗಳ ಊರಿಗೆ ಹೋಗಿದ್ದಾರೆ, ಯಾವ ಊರೆಂದು ಯಾರಿಗೂ ಗೊತ್ತಿಲ್ಲ. ಅವರೇ ಬಂದಿದ್ದಿರಬಹುದು. ನಂಜಯ್ಯ ಇನ್ಯಾವುದೋ ದಿನದ ಇನ್ಯಾರದೋ ಜಗಳವನ್ನು ನನ್ನ ತಲೆಗೆ ಕಟ್ಟಿರಬಹುದು. ದೋಣಿಯ ತಳದಲ್ಲಿ ನೀರು ಇದ್ದದ್ದಂತೂ ನಿಜ. ಚಪ್ಪಲಿ ಕೈಯಲ್ಲಿ ಹಿಡಿಯುವ ಮುದುಕಿಯರು ಹಳ್ಳಿಗಳಲ್ಲಿ ಇನ್ನೂ ಇರಬಹುದು. ಒಂದೊಂದನ್ನೇ ಬಿಡಿಯಾಗಿ ಇಟ್ಟರೆ ನಾನು ಬೆಲೆ ಕಟ್ಟಬಲ್ಲೆ. ಎಲ್ಲವನ್ನೂ ಒಟ್ಟಿಗೆ ಇಟ್ಟರೆ ಇವತ್ತಿಗೂ ಆಗುವುದಿಲ್ಲ.

ದೋಣಿಯನ್ನು ಮಾರಿದೆ. ಹೋಟೆಲಿನವರೊಬ್ಬರು ತೋಟದಲ್ಲಿ ಇಡಲು ಒಳ್ಳೆಯ ಬೆಲೆ ಕೊಟ್ಟರು. ಸೇತುವೆಯ ಮೇಲೆ ಕಾರಿನಲ್ಲಿ ಹೋಗಿ ಅಮ್ಮನ ಸಮಾಧಿಗೆ ದೀಪ ಹಚ್ಚಿ ಬಂದೆ. ಸೇತುವೆಗೆ ಕಾಸಿಲ್ಲ, ತಲೆ ಎಣಿಸುವವರೂ ಇಲ್ಲ. ಎರಡು ನಿಮಿಷದಲ್ಲಿ ದಾಟಿಬಿಟ್ಟೆ. ಆಚೆ ದಡದಲ್ಲಿ ಕಾರು ನಿಲ್ಲಿಸಿ ಇಳಿದು, ಪಕ್ಕದ ಸೀಟಿನ ಬಾಗಿಲನ್ನು ಒಂದು ಸಲ ತೆರೆದು, ಸ್ವಲ್ಪ ಹೊತ್ತು ಹಿಡಿದು ನಿಂತು, ಮುಚ್ಚಿದೆ. ಯಾರೂ ನೋಡಲಿಲ್ಲ.

ನಿಮಗೆ ನಾನು ಹೇಳುವುದು ಇಷ್ಟು. ಮನೆಯಲ್ಲಿ ಹಿರಿಯರು ಒಂದು ಕಡೆ ಹೋಗಬೇಕು ಅಂದರೆ ರಸ್ತೆ ಆಗಲಿ, ಸೇತುವೆ ಆಗಲಿ ಎಂದು ಕಾಯಬೇಡಿ, ಬರುವ ಭಾನುವಾರವೇ ಇರುವ ದಾರಿಯಲ್ಲೇ ಹೊರಡಿ. ಇನ್ನು, ಮನೆ ಬದಲಾಯಿಸುವಾಗ ಲೈಟಿನ ಬಿಲ್ಲು, ಅಡ್ವಾನ್ಸು ಎಲ್ಲ ಚುಕ್ತಾ ಮಾಡಿದರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಹಳೆ ಮನೆಗೆ ಹೊಸದಾಗಿ ಬಾಡಿಗೆಗೆ ಬರುವವರ ಹತ್ತಿರ ಹೋಗಿ ನಿಮ್ಮ ಹೊಸ ವಿಳಾಸ ಕೊಡಿ, ಪಕ್ಕದ ಮನೆಯಲ್ಲೂ ಕೊಡಿ, ಬೀದಿ ತುದಿಯ ಅಂಗಡಿಯಲ್ಲೂ ಕೊಡಿ. ಯಾವ ಬಸ್ಸು ಹತ್ತಬೇಕು, ಎಲ್ಲಿ ಇಳಿಯಬೇಕು, ಇಳಿದ ಮೇಲೆ ಎಡಕ್ಕೋ ಬಲಕ್ಕೋ ಅದನ್ನೂ ಹೇಳಿ. ಚೀಟಿ ಬರೆದು ಕೊಟ್ಟರೆ ಸಾಲದು, ಬಾಯಲ್ಲೇ ಹೇಳಿ, ಅವರಿಂದ ಎರಡು ಸಲ ಹೇಳಿಸಿ. ಕೇಳಿಕೊಂಡು ಬರುವವರಿಗೆ ಓದು ಬಾರದೆ ಇರಬಹುದು.